ಬದಲಿಸಿದ ಬಿಡಿಭಾಗ: ಇಲ್ಲ

ಲಿಫ್ಟ್ ರಿಪೇರಿ ಕಂಪನಿಯಿಂದ ಒಬ್ಬನನ್ನು ಎರಡು ದಿನದ ತರಬೇತಿಗೆ ಕಳಿಸಬೇಕಾಗಿತ್ತು. ಕೆಲಸಗಾರರು ಮನಸ್ಸಿಗೆ ಕಷ್ಟವಾದಾಗ ಮೇಲಧಿಕಾರಿಗಳ ಹತ್ತಿರ ಬಾಯಿ ಬಿಡುವುದಿಲ್ಲ, ಜೊತೆಯವರ ಹತ್ತಿರವಾದರೆ ಬಿಡುತ್ತಾರೆ, ಆದ್ದರಿಂದ ಜೊತೆಯವರಲ್ಲೇ ಒಬ್ಬನಿಗೆ ಕೇಳಿಸಿಕೊಳ್ಳುವುದನ್ನು ಕಲಿಸಬೇಕು ಎಂದು ದೊಡ್ಡ ಕಚೇರಿಯಿಂದ ಪತ್ರ ಬಂದಿತ್ತು. ಮ್ಯಾನೇಜರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಇಪ್ಪತ್ತೆಂಟು ಜನರ ಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವನು ಯಾರೆಂದು ನೋಡಿ ಅವನ ಹೆಸರಿನ ಕೆಳಗೆ ಗೀಟು ಎಳೆದರು. ಕಡಿಮೆ ಮಾತಾಡುವವನು ಹೆಚ್ಚು ಕೇಳಿಸಿಕೊಳ್ಳುತ್ತಾನೆ ಎಂಬುದು ಅವರ ಲೆಕ್ಕಾಚಾರ. ಮಾತಾಡದವನ ಹೊಟ್ಟೆಯೊಳಗೆ ಏನಾದರೂ ಇರಬಹುದು ಎಂಬ ಯೋಚನೆ ಅವರಿಗೆ ಬರಲಿಲ್ಲ. ಮ್ಯಾನೇಜರಿಗೆ ಅಂಥ ಯೋಚನೆಗಳು ಬರುವ ವಾಡಿಕೆಯೂ ಇರಲಿಲ್ಲ.

ಹೀಗೆ ಅಟ್ಟಣ್ಣ ಆಯ್ಕೆಯಾದ.

ಅಟ್ಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಲಿಫ್ಟಿನ ಒಳಗಲ್ಲ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುತ್ತಿದ್ದ. ಜನ ನಿಲ್ಲುವ ಕ್ಯಾಬಿನ್ನಿನ ಚಾವಣಿಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಮೇಲೆ ಹೋಗಲು ಒಂದು ಬಟನ್, ಕೆಳಗೆ ಬರಲು ಒಂದು, ನಿಲ್ಲಿಸಲು ಒಂದು ಕೆಂಪು ಬಟನ್. ಅವನ ಜೋಡಿಯವನು ಅದೇ ಇಪ್ಪತ್ತೆರಡು ವರ್ಷದಿಂದ ಲಿಫ್ಟಿನ ಬುಡದ ಗುಂಡಿಯಲ್ಲಿ, ಕ್ಯಾಬಿನ್ನಿನ ಹೊಟ್ಟೆಯ ಕೆಳಗೆ ಮಂಡಿಯೂರಿ ಕೆಲಸ ಮಾಡುತ್ತಿದ್ದ. ಮೇಲಿನವನಿಗೆ ಅಟ್ಟಣ್ಣ, ಕೆಳಗಿನವನಿಗೆ ಗುಂಡಿಯಣ್ಣ ಎಂದು ಯಾರು ಹೆಸರಿಟ್ಟರೋ, ಅವರೂ ಈಗ ನಿವೃತ್ತರಾಗಿದ್ದಾರೆ. ಗುಂಡಿಯಣ್ಣನ ಮಗಳ ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದಾಗ ಅವಳು ಒಂದು ಕ್ಷಣ ಯೋಚಿಸಿ ಹೇಳಬೇಕಾಯಿತಂತೆ.

ಈ ಕೆಲಸಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಗುಂಡಿಯಲ್ಲಿ ಮನುಷ್ಯ ಇರುವಾಗ ಕ್ಯಾಬಿನ್ ಅಲ್ಲಾಡಿಸುವ ಮೊದಲು ಮೇಲಿನವನು ಏನು ಮಾಡುತ್ತೇನೆಂದು ಕೂಗಿ ಹೇಳಬೇಕು. ಕೆಳಗಿನವನು ಅದನ್ನೇ, ಒಂದು ಪದವೂ ಆಚೀಚೆ ಆಗದಂತೆ, ತಿರುಗಿ ಕೂಗಬೇಕು. ‘ಕೆಳಗೆ, ಒಂದು ಅಡಿ’ ಎಂದರೆ ‘ಕೆಳಗೆ, ಒಂದು ಅಡಿ.’ ಅದು ಕಿವಿಗೆ ಬಿದ್ದ ಮೇಲೆಯೇ ಬಟನ್ ಮುಟ್ಟಬೇಕು. ‘ಹೂಂ’ ಎನ್ನುವ ಹಾಗಿಲ್ಲ. ‘ಆಯ್ತು’ ಎನ್ನುವ ಹಾಗೂ ಇಲ್ಲ. ಹೂಂಗುಟ್ಟುವ ಚಾಳಿ ಬಿಡದವರನ್ನು ಮೊದಲ ವರ್ಷವೇ ಎಸ್ಕಲೇಟರ್ ವಿಭಾಗಕ್ಕೆ ಕಳಿಸಿಬಿಡುತ್ತಿದ್ದರು.

ಇದಕ್ಕೆ ಎರಡು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ, ಹನ್ನೊಂದು ಮಹಡಿಯ ಒಂದು ಕಟ್ಟಡದಲ್ಲಿ, ಅಟ್ಟಣ್ಣನ ಬಾಯಿ ಕೂಗುವ ಮೊದಲೇ ಹೆಬ್ಬೆರಳು ಬಟನ್ ಒತ್ತಿತು. ಕಾರಣ ಏನೂ ಇರಲಿಲ್ಲ. ಅವನಿಗೆ ನಿದ್ದೆಗಣ್ಣಿರಲಿಲ್ಲ, ಮನೆಯಲ್ಲಿ ಜಗಳ ಆಗಿರಲಿಲ್ಲ, ಕುಡಿದಿರಲಿಲ್ಲ. ಕ್ಯಾಬಿನ್ ನಾಲ್ಕು ಬೆರಳಿನಷ್ಟು ಕೆಳಗಿಳಿದು ನಿಂತಿತು. ಕೆಳಗೆ ಗುಂಡಿಯಣ್ಣ ಬಗ್ಗಿ ಎಣ್ಣೆ ಒರೆಸುತ್ತಿದ್ದ.

ಕೆಳಗಿನಿಂದ ಪ್ರಶ್ನೆ ಬಂತು. “ಅಲ್ಲಾಡ್ತಾ?”

“ಇಲ್ಲ” ಎಂದ ಅಟ್ಟಣ್ಣ.

ಅಷ್ಟೇ. ಗುಂಡಿಯಣ್ಣ ಮತ್ತೆ ಕೇಳಲಿಲ್ಲ. ಮೇಲಿನವನು ಇಲ್ಲ ಎಂದ ಮೇಲೆ ಇಲ್ಲ. ಕೆಲಸ ಮುಗಿಯಿತು, ಇಬ್ಬರೂ ವ್ಯಾನಿನಲ್ಲಿ ಕುಳಿತು ಡಬ್ಬಿ ಬಿಚ್ಚಿ ಊಟ ಮಾಡಿದರು. ಅವತ್ತಿನಿಂದ ಅಟ್ಟಣ್ಣನಿಗೆ ತನ್ನ ಹೆಬ್ಬೆರಳಿನ ಮೇಲೆ ನಂಬಿಕೆ ಹೋಯಿತು. ಬಟನ್ ಮುಟ್ಟುವ ಮೊದಲು ಮೂರು ಸಲ ಕೂಗುತ್ತಿದ್ದ. ಮನೆಯಲ್ಲಿ ಬಾಗಿಲ ಚಿಲಕ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದ. ಊಟ ಒಳಗಿಳಿಯುತ್ತಿರಲಿಲ್ಲ. ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದ. ಹೇಳಿದರೆ ಕ್ಯಾಬಿನ್ ಮೇಲೆ ನಿಲ್ಲುವ ಪರವಾನಗಿ ಹೋಗುತ್ತದೆ, ಅದು ಹೋದರೆ ಹೋಗಲಿ. ಆದರೆ ಬಟನ್ ಒತ್ತಿದ್ದು ಕೈತಪ್ಪು, ‘ಇಲ್ಲ’ ಎಂದದ್ದು ಕೈತಪ್ಪಲ್ಲ. ಅದನ್ನು ಗುಂಡಿಯಣ್ಣನ ಮುಖ ನೋಡಿ ಹೇಳುವ ಧೈರ್ಯ ಅವನಿಗಿರಲಿಲ್ಲ.

ಮನಸ್ಸು ಇಂಥ ಸ್ಥಿತಿಯಲ್ಲಿರುವಾಗ ಅವನನ್ನು ಬೇರೆಯವರ ಮನಸ್ಸು ನೋಡಿಕೊಳ್ಳುವ ತರಬೇತಿಗೆ ಕಳಿಸಿದರು.

ತರಬೇತಿ ಒಂದು ದೊಡ್ಡ ಹಾಲಿನಲ್ಲಿ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಡುವೆ ಏನೂ ಇರಲಿಲ್ಲವಾದ್ದರಿಂದ ಎಲ್ಲರೂ ಆ ಖಾಲಿ ಜಾಗವನ್ನೇ ನೋಡುತ್ತಾ ಕುಳಿತರು. ಬೇರೆ ಬೇರೆ ಕಂಪನಿಯಿಂದ ಹದಿನಾಲ್ಕು ಜನ ಬಂದಿದ್ದರು. ತರಬೇತಿ ಕೊಡುವಾತ ನೆಲಕ್ಕೆ ನೋವಾದೀತೆಂಬಂತೆ ಓಡಾಡುತ್ತಿದ್ದ, ಅಷ್ಟೇ ಮೆಲ್ಲಗೆ ಮಾತಾಡುತ್ತಿದ್ದ. ಪ್ರತಿಯೊಬ್ಬರಿಗೂ ಅಂಗೈ ಅಗಲದ ಒಂದು ಕಾರ್ಡು ಕೊಟ್ಟ. ಅದರಲ್ಲಿ ಐದು ಸಾಲು: ಕೇಳಿಸಿಕೊಳ್ಳಿ. ಕೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿ. ಉಪದೇಶ ಮಾಡಬೇಡಿ. ನಿಮ್ಮ ಕಥೆ ತೆಗೆಯಬೇಡಿ. ಗುಟ್ಟು ಬಿಟ್ಟುಕೊಡಬೇಡಿ, ಜೀವಕ್ಕೆ ಅಪಾಯವಿದ್ದರೆ ಮಾತ್ರ ತಕ್ಷಣ ತಿಳಿಸಿ.

ಎರಡನೆಯ ಸಾಲು ಓದಿದಾಗ ಅಟ್ಟಣ್ಣನಿಗೆ ಇದನ್ನು ಕಲಿಸಲು ಎರಡು ದಿನ ಯಾಕೆ ಬೇಕು ಎನ್ನಿಸಿತು.

ಮಧ್ಯಾಹ್ನ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸಿದರು. ಅಟ್ಟಣ್ಣನಿಗೆ ಜೋಡಿಯಾಗಿ ಸಿಕ್ಕವನು ಟೈಲ್ಸ್ ಕಾರ್ಖಾನೆಯ ಸೂಪರ್‌ವೈಸರ್. ಬೆಳಿಗ್ಗೆಯಿಂದ ಎಲ್ಲರಿಗೂ ಬುದ್ಧಿ ಹೇಳುತ್ತಲೇ ಇದ್ದ ಮನುಷ್ಯ ಅವನು. ಈಗ ಅವನ ಸರದಿ, ಏನಾದರೂ ಕಷ್ಟ ಹೇಳಿಕೊಳ್ಳಬೇಕಿತ್ತು.

“ನನಗೇನೂ ಅಂಥ ಕಷ್ಟ ಇಲ್ಲ” ಎಂದ.

“ನಿಮಗೇನೂ ಅಂಥ ಕಷ್ಟ ಇಲ್ಲ” ಎಂದ ಅಟ್ಟಣ್ಣ.

“ಮೊನ್ನೆ ನಮ್ಮ ನಾಯಿ ಸತ್ತುಹೋಯ್ತು, ಅಷ್ಟೇ.”

“ಮೊನ್ನೆ ನಿಮ್ಮ ನಾಯಿ ಸತ್ತುಹೋಯ್ತು.”

ಇಷ್ಟು ಹೇಳಿ ಅಟ್ಟಣ್ಣ ಸುಮ್ಮನಾದ. ತಿರುಗಿ ಹೇಳಿದ ಮೇಲೆ ಮುಂದಿನ ಮಾತು ಬರುವವರೆಗೆ ಕೈ ಕಾಲು ಅಲ್ಲಾಡಿಸಬಾರದು ಎಂಬುದು ಅವನಿಗೆ ರಕ್ತಗತ. ಎದುರಿನವನ ಬಾಯಿಯನ್ನೇ ನೋಡುತ್ತಾ ಕುಳಿತ. ಒಂದು ನಿಮಿಷ ಹೋಯಿತು. ಸೂಪರ್‌ವೈಸರ್ ಕಾರ್ಡನ್ನು ಎರಡು ಮಡಿಕೆ ಮಾಡಿದ, ಬಿಚ್ಚಿದ.

“ಹತ್ತು ವರ್ಷದ ನಾಯಿ.”

“ಹತ್ತು ವರ್ಷದ ನಾಯಿ.”

“ಮನೇಲಿ ನನ್ನ ಮಾತು ಕೇಳ್ತಾ ಇದ್ದಿದ್ದು ಅದೊಂದೇ” ಎಂದವನು ಗಳಗಳ ಅಳತೊಡಗಿದ. ಅಟ್ಟಣ್ಣನ ಕೈ ತನಗೆ ತಾನೇ ಕೆಂಪು ಬಟನ್ನಿಗಾಗಿ ಕುರ್ಚಿಯ ಪಕ್ಕ ತಡಕಾಡಿತು. ತರಬೇತಿಯವನು ಓಡಿ ಬಂದು, ಇದೇ ನಿಜವಾದ ಆಲಿಸುವಿಕೆ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದ. ಒಂದೇ ಒಂದು ಕೊರತೆ ಹೇಳಿದ. “ನಡುನಡುವೆ ಹೂಂ ಅನ್ನಿ ಸರ್. ಅವರಿಗೆ ಧೈರ್ಯ ಬರುತ್ತೆ.”

“ಹೂಂ ಅನ್ನೋಕೆ ಆಗಲ್ಲ” ಎಂದ ಅಟ್ಟಣ್ಣ. ಯಾಕೆಂದು ವಿವರಿಸಲಿಲ್ಲ.

ಎರಡನೆಯ ದಿನ ಸಂಜೆ, ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಅವನು ಕೈ ಎತ್ತಿದ. ಎರಡು ದಿನದಲ್ಲಿ ಅವನು ಕೇಳಿದ ಪ್ರಶ್ನೆ ಅದೊಂದೇ.

“ನಮ್ಮ ಕಥೆ ಯಾವತ್ತೂ ಹೇಳ್ಬಾರ್ದಾ?”

“ಯಾವತ್ತೂ ಹೇಳ್ಬಾರ್ದು. ಯಾಕಂದ್ರೆ ಅದು ನಿಮ್ಮ ವಿಷಯ ಅಲ್ಲ, ಅವರ ವಿಷಯ.”

ಅಟ್ಟಣ್ಣನಿಗೆ ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಗುರವಾಯಿತು. ತಾನು ಹೇಡಿಯಂತೆ ಮುಚ್ಚಿಟ್ಟುಕೊಂಡದ್ದನ್ನು ಈಗ ಕಂಪನಿಯೇ ಮುಚ್ಚಿಟ್ಟುಕೊ ಎಂದು ಅಚ್ಚು ಹಾಕಿಸಿ ಕೊಟ್ಟಿದೆ. ಆ ಖುಷಿಗೆ ಎರಡನೆಯ ಲೋಟ ಚಹಾ ಕುಡಿದ. ತರಬೇತಿ ಪಡೆದವನೆಂಬ ಗುರುತಿಗೆ ಕೊರಳಿಗೆ ಹಸಿರು ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ.

ಅವನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದಿನಕ್ಕೆ ಅರವತ್ತು ತೋಳು ಚುಚ್ಚಿ ಬರುವ ಹೆಂಗಸಿಗೆ ಗಂಡನ ಹಸಿರು ಪಟ್ಟಿ ನೋಡಿ ಏನೂ ಅನ್ನಿಸಲಿಲ್ಲ. ಆದರೆ ಅವನು ಮನೆಯಲ್ಲೂ ಅಭ್ಯಾಸ ಶುರು ಮಾಡಿದಾಗ ಅನ್ನಿಸಿತು.

“ಇವತ್ತು ಸೊಂಟ ಬಿದ್ದುಹೋಗಿದೆ ಕಣ್ರೀ” ಎಂದಳು.

“ಇವತ್ತು ನಿನ್ನ ಸೊಂಟ ಬಿದ್ದುಹೋಗಿದೆ.”

“ಅದನ್ನೇ ಹೇಳಿದ್ದು. ಸ್ವಲ್ಪ ಪಾತ್ರೆ ತೊಳೀರಿ.”

“ಸ್ವಲ್ಪ ಪಾತ್ರೆ...”

“ತೊಳೀರಿ ಅಂದೆ, ಹೇಳಿ ಅನ್ನಲಿಲ್ಲ.”

ಕಂಪನಿಯಲ್ಲಿ ಅವನಿಗೆ ಬಿಡಿಭಾಗದ ಕೋಣೆಯ ಹಿಂದೆ ಒಂದು ಬೆಂಚು ಕೊಟ್ಟರು. ದಿನಾ ಸಂಜೆ ನಾಲ್ಕೂವರೆಯಿಂದ ಐದರವರೆಗೆ ಅವನು ಅಲ್ಲಿ ಕೂರಬೇಕು. ಎರಡು ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಮೂರನೆಯ ವಾರ ವ್ಯಾನ್ ಡ್ರೈವರ್ ಬಂದು, ತನಗೆ ಮನೆಯಲ್ಲಿ ಯಾರೂ ಮಾತಾಡುವವರಿಲ್ಲ, ಈಚೆಗೆ ಫೋನಿನಲ್ಲಿ ದಾರಿ ಹೇಳುವ ಹೆಂಗಸಿನ ದನಿಯ ಜೊತೆ ಮಾತಾಡುತ್ತಿದ್ದೇನೆ, ಅವಳು ಎಡಕ್ಕೆ ತಿರುಗಿ ಅಂದಾಗ ಬೇಕೆಂದೇ ಬಲಕ್ಕೆ ತಿರುಗಿ ಅವಳು ಮತ್ತೆ ಮಾತಾಡಲೆಂದು ಕಾಯುತ್ತೇನೆ ಎಂದು ಹೇಳಿಕೊಂಡ. ತಡವಾಗಿ ಬರುತ್ತಿದ್ದ ವ್ಯಾನಿನ ರಹಸ್ಯ ಹೀಗೆ ಬಯಲಾಯಿತು. ಅಟ್ಟಣ್ಣ ಪ್ರತಿ ಮಾತನ್ನೂ ತಿರುಗಿ ಹೇಳಿದ, ಉಳಿದಂತೆ ಕಲ್ಲಿನ ಹಾಗೆ ಕುಳಿತ. ಡ್ರೈವರ್ ಮೂಗು ಒರೆಸಿಕೊಂಡು, ಎಷ್ಟೋ ವಾಸಿ ಆಯಿತು ಎಂದು ಎದ್ದು ಹೋದ. ಆಮೇಲೆ ಸ್ಟೋರಿನ ಅಮ್ಮ ಬಂದರು, ಆಮೇಲೆ ವೆಲ್ಡಿಂಗಿನವನು ಬಂದ. ಎಲ್ಲರಿಗೂ ವಾಸಿ ಆಯಿತು. ಹೇಗೆ ಆಯಿತೆಂದು ಅಟ್ಟಣ್ಣನಿಗೆ ಅರ್ಥವಾಗಲಿಲ್ಲ. ವಾಸಿ ಆಗದೆ ಉಳಿದವನು ತಾನೊಬ್ಬನೇ ಎಂಬುದು ಮಾತ್ರ ಅರ್ಥವಾಯಿತು.

ಬಂದವರ ಹೆಸರಿಲ್ಲದೆ ತಿಂಗಳ ವರದಿ ಬರೆಯಬೇಕಿತ್ತು. ಹೇಗೆ ಬರೆಯಬೇಕೆಂದು ಯಾರೂ ಹೇಳದ ಕಾರಣ ಅಟ್ಟಣ್ಣ ಲಿಫ್ಟ್ ರಿಪೇರಿಯ ಚೀಟಿಯಲ್ಲೇ ಬರೆದ. ‘ದೂರು: ಮಾತಾಡಲು ಜನ ಇಲ್ಲ. ಕಾರಣ: ತಿಳಿದಿಲ್ಲ. ಕೈಗೊಂಡ ಕ್ರಮ: ಕೇಳಲಾಯಿತು. ಬದಲಿಸಿದ ಬಿಡಿಭಾಗ: ಇಲ್ಲ. ಸದ್ಯದ ಸ್ಥಿತಿ: ಚಾಲನೆಯಲ್ಲಿದೆ.’

ಸಿಬ್ಬಂದಿ ವಿಭಾಗದ ಮೇಡಂ ಅವನನ್ನು ಕರೆಸಿದರು. “ಬದಲಿಸಿದ ಬಿಡಿಭಾಗ ಅಂದ್ರೆ ಏನಿದು?”

“ಇಲ್ಲ ಅಂತ ಬರ್ದಿದ್ದೀನಲ್ಲ ಮೇಡಂ.”

ಮೇಡಂ ಸ್ವಲ್ಪ ಹೊತ್ತು ಚೀಟಿಯನ್ನೂ ಅವನನ್ನೂ ನೋಡಿ ಫೈಲಿಗೆ ಸೇರಿಸಿದರು.

ಅದರ ಮರುದಿನ ಗುಂಡಿಯಣ್ಣ ಬಂದ.

ದಿನವಿಡೀ ಒಟ್ಟಿಗಿರುವವನು, ವ್ಯಾನಿನಲ್ಲಿ ಪಕ್ಕದಲ್ಲೇ ಕೂರುವವನು, ನಾಲ್ಕೂವರೆಗೆ ಸರಿಯಾಗಿ ಕೈ ಮುಖ ತೊಳೆದು ತಲೆ ಬಾಚಿಕೊಂಡು ಬೆಂಚಿನ ಮುಂದೆ ನಿಂತಿದ್ದ. ಕೈಯಲ್ಲಿ ಮಡಿಚಿದ ಒಂದು ಕಾಗದ.

“ಇಲ್ಲಿ ಕೂರಬಹುದಾ?” ಎಂದು ಕೇಳಿದ.

“ಏ ಗುಂಡಿ, ಇದೇನು ಹೊಸ ನಾಟಕ? ಕೂತ್ಕೋ.”

“ನಾಟಕ ಅಲ್ಲ ಅಣ್ಣ. ನಾನು ಬೆಂಚಿನ ಹತ್ರ ಬಂದಿದ್ದು. ನೀನು ಬೇರೆಯವರಿಗೆ ಹೇಗೆ ಕೇಳ್ತೀಯೋ ಹಾಗೇ ಕೇಳ್ಬೇಕು.”

ಅಟ್ಟಣ್ಣ ಹಸಿರು ಪಟ್ಟಿ ಸರಿಮಾಡಿಕೊಂಡ. ಗುಂಡಿಯಣ್ಣ ಕೂತು, ತನ್ನ ಬೂಟು ನೋಡುತ್ತಾ ಹೇಳಿದ.

“ನನ್ನ ತಲೆ ಕೆಟ್ಟಿದೆ.”

“ನಿನ್ನ ತಲೆ ಕೆಟ್ಟಿದೆ” ಎಂದ ಅಟ್ಟಣ್ಣ. ಹೇಳಿದ ಮೇಲೆ ಅದು ಬೈಗುಳದಂತೆ ಕೇಳಿಸಿತು.

“ಮೂರು ತಿಂಗಳ ಹಿಂದೆ ಒಂದಿನ, ಆ ಹನ್ನೊಂದು ಮಹಡಿ ಕಟ್ಟಡದಲ್ಲಿ, ಕ್ಯಾಬಿನ್ ಕೆಳಗೆ ಬಂದಂಗಾಯ್ತು. ಕತ್ತಿನ ಹಿಂದೆ ಗಾಳಿ ಒತ್ತಿದಂಗಾಯ್ತು. ನಿನ್ನ ಕೇಳ್ದೆ. ನೀನು ಇಲ್ಲ ಅಂದೆ. ನೀನು ಇಲ್ಲ ಅಂದ್ಮೇಲೆ ಅದು ಬಂದಿಲ್ಲ. ಹಾಗಾದ್ರೆ ನನಗೆ ಯಾಕೆ ಬಂದಂಗಾಯ್ತು?”

ಅಟ್ಟಣ್ಣನಿಗೆ ತಿರುಗಿ ಹೇಳಬೇಕಾದ ಮಾತು ನಾಲಿಗೆಗೆ ಬರಲಿಲ್ಲ.

“ಅವತ್ತಿಂದ ದಿನಾ ಹಾಗೇ ಅನ್ಸುತ್ತೆ” ಎಂದು ಗುಂಡಿಯಣ್ಣ ಮುಂದುವರಿಸಿದ. “ಕ್ಯಾಬಿನ್ ನಿಂತೇ ಇರುತ್ತೆ, ನನಗೆ ಮಾತ್ರ ಇಳೀತಾ ಇದೆ ಅನ್ಸುತ್ತೆ. ಮನೇಲಿ ಮಂಚದ ಮೇಲೆ ಮಲಗಿದ್ರೂ ಚಾವಣಿ ನೋಡ್ತಾ ಇರ್ತೀನಿ. ನನ್ನ ಕಣ್ಣು, ನನ್ನ ಕತ್ತು, ಯಾವುದನ್ನೂ ನಂಬೋ ಹಾಗಿಲ್ಲ ಈಗ. ಇಂಥವನು ಗುಂಡೀಲಿ ಇದ್ರೆ ನಿನಗೇ ಅಪಾಯ. ಅದಕ್ಕೇ ಸ್ಟೋರಿಗೆ ಹಾಕಿ ಅಂತ ಅರ್ಜಿ ಬರ್ದಿದ್ದೀನಿ. ನಾಳೆ ಸಂಜೆ ಕೊಡ್ತೀನಿ. ಬೋಲ್ಟು ನಟ್ಟು ಎತ್ತಿಡೋದಕ್ಕೆ ತಲೆ ಸರಿ ಇರ್ಬೇಕು ಅಂತೇನಿಲ್ಲ.”

ಒಂದು ಮಾತು. ‘ಅಲ್ಲಾಡಿತ್ತು’ ಎಂಬ ಒಂದೇ ಮಾತು ಹೇಳಿದ್ದರೆ ಎದುರಿಗಿದ್ದವನ ಕಣ್ಣು, ಕತ್ತು, ತಲೆ ಎಲ್ಲ ಆ ಕ್ಷಣವೇ ಅವನಿಗೆ ವಾಪಸು ಸಿಗುತ್ತಿತ್ತು. ಅಟ್ಟಣ್ಣನ ಕೈ ಜೇಬಿಗೆ ಹೋಯಿತು. ಅಲ್ಲಿ ಕಾರ್ಡಿತ್ತು. ನಿಮ್ಮ ಕಥೆ ತೆಗೆಯಬೇಡಿ. ಅವನಿಗೆ ನಾಚಿಕೆಯಾಗುವಷ್ಟು ಸಮಾಧಾನವಾಯಿತು.

“ನಿನಗೆ ಹಾಗೆ ಅನ್ಸುತ್ತೆ” ಎಂದ.

“ಹೌದಣ್ಣ.”

“ಸ್ಟೋರಿಗೆ ಹೋಗ್ಬೇಕು ಅನ್ಸುತ್ತೆ.”

“ಹೌದು.”

ಐದು ಗಂಟೆಯಾಯಿತು. ಗುಂಡಿಯಣ್ಣ ಎದ್ದು, ಬೇರೆಯವರೆಲ್ಲ ಹೇಳಿದಂತೆ ವಾಸಿ ಆಯಿತು ಎಂದು ಹೇಳದೆ, “ನೀನು ಚೆನ್ನಾಗಿ ಕೇಳ್ತೀಯ ಅಣ್ಣ” ಎಂದು ಹೇಳಿ ಹೋದ. ಅದು ಅಟ್ಟಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ರಿಪೇರಿ ಚೀಟಿ ತೆಗೆದು ಬರೆಯಲು ಕುಳಿತ. ದೂರು ಬರೆದ. ‘ಕಾರಣ’ ಎಂಬಲ್ಲಿ ಬಂದು ಪೆನ್ನು ನಿಂತಿತು. ಬೇರೆ ಎಲ್ಲರ ಚೀಟಿಯಲ್ಲೂ ‘ತಿಳಿದಿಲ್ಲ’ ಎಂದು ಬರೆದಿದ್ದ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ಮುಖ ನೋಡಿ ಹೆಂಡತಿ ತಟ್ಟೆ ಕೆಳಗಿಟ್ಟಳು.

“ಏನಾಗಿದೆ ಅಂತ ನಾನು ಕೇಳಲ್ಲ. ಕೇಳಿದ್ರೆ ನನ್ನ ಪ್ರಶ್ನೇನೇ ನನಗೆ ವಾಪಸ್ ಕೊಡ್ತೀರ.”

“ಒಂದು ಕೇಳ್ತೀನಿ” ಎಂದ ಅಟ್ಟಣ್ಣ. “ಸೂಜಿ ಚುಚ್ಚೋ ಮೊದಲು ಜನಕ್ಕೆ ಏನು ಹೇಳ್ತೀಯ?”

“ಚುಚ್ಚುತ್ತೆ ಅಂತ ಹೇಳ್ತೀನಿ.”

“ನೋವಾಗಲ್ಲ ಅಂತ ಹೇಳಲ್ವಾ?”

“ಹೊಸದರಲ್ಲಿ ಹೇಳ್ತಿದ್ದೆ. ಒಂದು ಸಲ ನೋವಾದ್ಮೇಲೆ ಅವರು ಆ ಕೈ ಮತ್ತೆ ಕೊಡಲ್ಲ. ನನಗೆ ಮಾತ್ರ ಅಲ್ಲ, ಯಾರಿಗೂ ಕೊಡಲ್ಲ.” ಅವಳು ಚಹಾ ಬಗ್ಗಿಸಿದಳು. “ಯಾರಿಗೆ ಚುಚ್ಚಿದ್ರಿ?”

ಅಟ್ಟಣ್ಣ ಹೇಳಿದ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು, ಏನನ್ನೂ ತಿರುಗಿ ಹೇಳಲಿಲ್ಲ. ಕೊನೆಗೆ, “ಅವನ ಮಗಳು ನಿಮ್ಮನ್ನ ದೊಡ್ಡಪ್ಪ ಅಂತಾಳೆ” ಎಂದಷ್ಟೇ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟುಹೋದಳು.

ಅವತ್ತಿನ ಕೆಲಸ ಎಂಟು ಮಹಡಿಯ ಒಂದು ವಸತಿ ಕಟ್ಟಡದಲ್ಲಿ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದರು. ಗುಂಡಿಯಣ್ಣ ಅರ್ಜಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಏಣಿ ಇಳಿದು ಗುಂಡಿ ಸೇರಿದ. ಅಟ್ಟಣ್ಣ ಕ್ಯಾಬಿನ್ನಿನ ನೆತ್ತಿ ಹತ್ತಿದ. ಹಸಿರು ಪಟ್ಟಿಯನ್ನು ಕೊರಳಿಂದ ತೆಗೆದು ಸಲಕರಣೆಯ ಚೀಲಕ್ಕೆ ಹಾಕಿದ. ಲಿಫ್ಟ್ ಓಡಾಡುವ ಕತ್ತಲ ಓಣಿಯಲ್ಲಿ ಗ್ರೀಸಿನ ವಾಸನೆ, ಎಲ್ಲೋ ಒಂದು ಮಹಡಿಯಲ್ಲಿ ಮಿಕ್ಸಿ ತಿರುಗುವ ಸದ್ದು.

ಎದುರೆದುರು ಹೇಳಲು ತನ್ನಿಂದ ಆಗದು ಎಂದು ಅವನಿಗೆ ಗೊತ್ತಿತ್ತು. ಕೂಗಿ ಹೇಳುವುದು ಅಭ್ಯಾಸವಿತ್ತು.

“ಕೆಳಗೆ ಸ್ಟಾಪ್ ಒತ್ತು” ಎಂದು ಕೂಗಿದ. ಗುಂಡಿಯಲ್ಲೂ ಒಂದು ಕೆಂಪು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಮೇಲಿನವನು ಏನು ಮಾಡಿದರೂ ಕ್ಯಾಬಿನ್ ಕದಲುವುದಿಲ್ಲ.

“ಕೆಳಗೆ ಸ್ಟಾಪ್ ಒತ್ತು” ಎಂದು ಕೆಳಗಿನಿಂದ ಬಂತು. ಬಟನ್ನಿನ ಸದ್ದು ಕೇಳಿಸಿತು.

ಅಟ್ಟಣ್ಣ ಉಸಿರು ತೆಗೆದುಕೊಂಡ. “ಆವತ್ತು ಕ್ಯಾಬಿನ್ ಅಲ್ಲಾಡಿತ್ತು.”

ಮಿಕ್ಸಿ ನಿಂತಿತು. ಆಮೇಲೆ, ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ, ಕೆಳಗಿನಿಂದ ಉತ್ತರ ಬಂತು.

“ಆವತ್ತು ಕ್ಯಾಬಿನ್ ಅಲ್ಲಾಡಿತ್ತು.”

“ನಾನು ಬಟನ್ ಒತ್ತಿದೆ.”

“ನೀನು ಬಟನ್ ಒತ್ತಿದೆ.” ಕೆಳಗಿನಿಂದ ಬಂದ ಮಾತು ಮೇಲಿನಿಂದ ಹೋದ ಮಾತಿಗಿಂತ ಒಂದು ಪದ ಬೇರೆಯಾಗಿದ್ದದ್ದು ಅದೇ ಮೊದಲು.

“ನೀನು ಕೇಳ್ದಾಗ ಸುಳ್ಳು ಹೇಳ್ದೆ.”

ಇದು ತಿರುಗಿ ಬರಲಿಲ್ಲ.

“ನಿನ್ನ ತಲೆ ಸರಿಯಾಗಿದೆ” ಎಂದು ಅಟ್ಟಣ್ಣ ಕೂಗಿದ. “ಗುಂಡಿ, ಕೇಳಿಸ್ತಾ? ನಿನ್ನ ತಲೆ ಸರಿಯಾಗಿದೆ.”

ಕೆಳಗೆ ಏಣಿಯ ಸದ್ದಾಯಿತು. ಗುಂಡಿಯಣ್ಣ ಮೇಲೆ ಹತ್ತಿ ಬರುತ್ತಿದ್ದ. ಅಟ್ಟಣ್ಣ ನಿಂತಿದ್ದ ಮಟ್ಟ ಎರಡನೆಯ ಮಹಡಿಯ ಬಾಗಿಲಿಗೆ ಸಮವಾಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ನಿಧಾನವಾಗಿ ಬಂತು, ಓಡಿ ಬಂದಿದ್ದರೇ ವಾಸಿ ಇತ್ತು. ಬಾಗಿಲು ಸರಿಯಿತು. ಗುಂಡಿಯಣ್ಣ ಹೊಸ್ತಿಲ ಆಚೆ ನಿಂತು ಅವನನ್ನು ನೋಡಿದ.

“ಎಷ್ಟು ಇಳೀತು?”

“ನಾಲ್ಕು ಬೆರಳು.”

“ನಾನು ಆರು ಅಂದ್ಕೊಂಡಿದ್ದೆ.”

ಅಟ್ಟಣ್ಣ ಪೆಟ್ಟಿಗೆಯ ಕೆಂಪು ಬಟನ್ ಒತ್ತಿ ಅವನ ಕಡೆ ತಿರುಗಿದ.

“ಮೂರು ತಿಂಗಳು” ಎಂದ ಗುಂಡಿಯಣ್ಣ. “ಹೆಂಡ್ತಿಗೆ ಹೇಳ್ದೆ, ನನ್ನ ತಲೆ ಕೆಟ್ಟಿದೆ ಕಣೇ ಅಂತ. ಅವಳು ಒಪ್ಕೊಂಡ್ಲು ಬೇರೆ.” ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. “ನಿನ್ನೆ ಆ ಬೆಂಚಿನ ಮೇಲೆ ಕೂತು ಹೇಳ್ದೆನಲ್ಲ. ನಿನಗೆ ಹಾಗೆ ಅನ್ಸುತ್ತೆ ಅಂದ್ಯಲ್ಲ ಅಣ್ಣ.”

“ಅಂದೆ.”

“ಬಟನ್ ಒತ್ತಿದ್ದಕ್ಕಲ್ಲ ನನಗೆ ಬೇಜಾರು.”

“ಗೊತ್ತು” ಎಂದ ಅಟ್ಟಣ್ಣ. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈಯಲ್ಲಿ ಗ್ರೀಸ್ ಇದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಗುಂಡಿಯಣ್ಣ ಜೇಬಿನಿಂದ ಅರ್ಜಿ ತೆಗೆದು ತನ್ನ ಕೈಯ ಗ್ರೀಸನ್ನು ಅದರಲ್ಲಿ ಒರೆಸಿಕೊಂಡ. ಬೆರಳಿನ ಸಂದಿಯನ್ನೂ ಬಿಡದೆ ಒರೆಸಿಕೊಂಡು, ಮುದ್ದೆ ಮಾಡಿ, ವಾಪಸು ಜೇಬಿಗೆ ಹಾಕಿಕೊಂಡ. ಒರೆಸಿಕೊಳ್ಳಲು ಅಟ್ಟಣ್ಣನಿಗೆ ಕೊಡಲಿಲ್ಲ.

ಅಟ್ಟಣ್ಣ ಅದೇ ಸಂಜೆ ಮ್ಯಾನೇಜರ ಮೇಜಿನ ಮೇಲೆ ಒಂದು ರಿಪೇರಿ ಚೀಟಿ ಇಟ್ಟ. ‘ದೂರು: ಕೆಳಗಿನವನಿಗೆ ತನ್ನ ತಲೆ ಕೆಟ್ಟಿದೆ ಎಂಬ ಅನುಮಾನ. ಕಾರಣ: ಮೇಲಿನವನು ಕೂಗಿ ಹೇಳದೆ ಕ್ಯಾಬಿನ್ ಇಳಿಸಿ, ಕೇಳಿದಾಗ ಇಲ್ಲ ಎಂದದ್ದು. ಕೈಗೊಂಡ ಕ್ರಮ: ಹೇಳಲಾಯಿತು. ಬದಲಿಸಿದ ಬಿಡಿಭಾಗ: ಇಲ್ಲ.’ ಮ್ಯಾನೇಜರು ಎರಡು ಸಲ ಓದಿದರು. ಇಂಥದ್ದನ್ನು ಮುಚ್ಚಿಟ್ಟಿದ್ದಕ್ಕೆ ಬಾಯಿಗೆ ಬಂದಂತೆ ಬೈದರು, ಬಿಚ್ಚಿ ಹೇಳಿದ್ದಕ್ಕೆ ಇನ್ನೂ ಜಾಸ್ತಿ ಬೈದರು, ಏಕೆಂದರೆ ಈಗ ಅವರು ದೊಡ್ಡ ಕಚೇರಿಗೆ ಬರೆಯಬೇಕಿತ್ತು. ಆರು ತಿಂಗಳು ಅಟ್ಟಣ್ಣ ಕ್ಯಾಬಿನ್ನಿನ ಮೇಲೆ ನಿಲ್ಲುವಂತಿಲ್ಲ, ಗುಂಡಿಯ ಕೆಲಸ ಮಾತ್ರ ಎಂದು ಆದೇಶವಾಯಿತು. ಹಸಿರು ಪಟ್ಟಿ ವಾಪಸು ಕೇಳುವುದು ಎಲ್ಲರಿಗೂ ಮರೆತುಹೋಯಿತು.

ಗುಂಡಿಯಣ್ಣನ ಹತ್ತಿರ ಕ್ಯಾಬಿನ್ ಮೇಲೆ ನಿಲ್ಲುವ ಪರವಾನಗಿಯೂ ಇತ್ತು, ಒಮ್ಮೆಯೂ ಬಳಸಿರಲಿಲ್ಲ. ಮ್ಯಾನೇಜರು ಅವನನ್ನು ಕರೆದು, ಬೇರೆ ಜೋಡಿ ಬೇಕಿದ್ದರೆ ಕೊಡುತ್ತೇನೆ ಎಂದರು.

“ಅವನೇ ಇರ್ಲಿ ಸರ್.”

“ಇಷ್ಟೆಲ್ಲಾ ಆದ್ಮೇಲೂನಾ?”

“ಹೊಸಬನಾದ್ರೆ ಅವನು ಯಾವಾಗ ಸುಳ್ಳು ಹೇಳ್ತಾನೆ ಅಂತ ತಿಳ್ಕೊಳ್ಳೋಕೆ ಇನ್ನೂ ಇಪ್ಪತ್ತೆರಡು ವರ್ಷ ಬೇಕು ಸರ್. ನನಗೆ ಅಷ್ಟು ಸರ್ವೀಸ್ ಇಲ್ಲ.”

ಆದರೆ ಅಟ್ಟಣ್ಣನ ಜೊತೆ ಅವನು ಮಾತು ಬಿಟ್ಟಿದ್ದ. ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಊಟದ ಡಬ್ಬಿಯನ್ನು ಬೇರೆ ಕಡೆ ಮುಖ ಮಾಡಿ ಬಿಚ್ಚುತ್ತಿದ್ದ. ಕೆಲಸದ ಕೂಗು ಬಿಟ್ಟರೆ ಬೇರೆ ಮಾತಿಲ್ಲ. ಹೀಗೆ ಹತ್ತು ದಿನವಾದ ಮೇಲೆ ಅವರು ಆ ಹನ್ನೊಂದು ಮಹಡಿಯ ಕಟ್ಟಡಕ್ಕೆ ಬಂದರು.

ಅಟ್ಟಣ್ಣ ಏಣಿ ಇಳಿದು ಗುಂಡಿಯಲ್ಲಿ ಮಂಡಿಯೂರಿದ. ಮೇಲೆ ಕ್ಯಾಬಿನ್ನಿನ ಕಪ್ಪು ಹೊಟ್ಟೆ, ಕೈ ಎತ್ತಿದರೆ ಮುಟ್ಟುವಷ್ಟು ಹತ್ತಿರ. ಅದು ಜಾರುವ ಕಬ್ಬಿಣದ ಕಂಬಿಯ ಮೇಲೆ ಟಾರ್ಚ್ ಬಿಟ್ಟ. ಕಂಬಿಯ ಮೇಲೆ ಸೀಮೆಸುಣ್ಣದ ಗೀಟುಗಳಿದ್ದವು. ಸಣ್ಣ ಸಣ್ಣ ಗೀಟು, ಪಕ್ಕದಲ್ಲಿ ಗುಂಡಿಯಣ್ಣನ ಕೈಬರಹದಲ್ಲಿ ತಾರೀಖು. ತಿಂಗಳಿಗೊಂದರಂತೆ ಮೂರು ತಾರೀಖು. ಪ್ರತಿ ತಾರೀಖಿನ ಎದುರಿಗೆ ಒಂದಲ್ಲ, ಏಳೆಂಟು ಗೀಟು, ಒತ್ತೊತ್ತಾಗಿ, ಎಲ್ಲವೂ ಒಂದೇ ಮಟ್ಟದಲ್ಲಿ.

ಕ್ಯಾಬಿನ್ನಿನ ಅಂಚು ಎಲ್ಲಿದೆಯೆಂದು ಗುಂಡಿಯಣ್ಣ ಗುರುತು ಹಾಕಿ, ಇಳಿಯಿತು ಅನ್ನಿಸಿದಾಗಲೆಲ್ಲ ಮತ್ತೆ ಗುರುತು ಹಾಕಿ, ಇಳಿದಿಲ್ಲ ಎಂದು ತನಗೆ ತಾನೇ ತೋರಿಸಿಕೊಂಡಿದ್ದ. ತಾನು ಮೇಲ್ಗಡೆ ನಿಂತು ಮೂರು ಮೂರು ಸಲ ಕೂಗುತ್ತಿದ್ದಾಗ ಇವನು ಇಲ್ಲಿ ಒಬ್ಬನೇ, ಈ ಕತ್ತಲಲ್ಲಿ, ತನ್ನ ಬುದ್ಧಿಯ ಜೊತೆ ಜಗಳವಾಡುತ್ತಿದ್ದ.

ಮೇಲಿನಿಂದ ಕೂಗು ಬಂತು. “ಕೆಳಗೆ, ಒಂದು ಅಡಿ.”

ಅಟ್ಟಣ್ಣ ತಿರುಗಿ ಹೇಳಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಅಂಗೈಯನ್ನು ಬಾಯಿಗೆ ಒತ್ತಿಕೊಂಡು, ಮಂಡಿಯೂರಿದಲ್ಲೇ ಕುಸಿದು, ಸದ್ದಾಗದಂತೆ ಅತ್ತ. ಮುಚ್ಚಿಟ್ಟಿದ್ದು, ಹೇಳಿದ್ದು, ಹತ್ತು ದಿನ ಬೆನ್ನು ಹಾಕಿ ತಿಂದ ಅನ್ನ, ಎಲ್ಲವೂ ಒಟ್ಟಿಗೆ ಬಂತು.

ಮೇಲಿನಿಂದ ಮತ್ತೆ ಕೂಗು ಬರಲಿಲ್ಲ. ‘ಏನಾಯ್ತು’ ಎಂದು ಕೇಳಲಿಲ್ಲ. ‘ಬೇಗ’ ಎನ್ನಲಿಲ್ಲ. ಐದು ನಿಮಿಷವೋ ಹತ್ತು ನಿಮಿಷವೋ ಆಗಿರಬೇಕು, ಮೂರನೆಯ ಮಹಡಿಯಲ್ಲಿ ಯಾರೋ ಲಿಫ್ಟ್ ಯಾಕೆ ಬರುತ್ತಿಲ್ಲವೆಂದು ಬಾಗಿಲು ಬಡಿದು ಬೇಸತ್ತು ಮೆಟ್ಟಿಲು ಹಿಡಿದರು. ಅಟ್ಟಣ್ಣ ಕಣ್ಣೆತ್ತಿ ಗೀಟುಗಳನ್ನು ನೋಡಿದ. ಕ್ಯಾಬಿನ್ನಿನ ಅಂಚು ಕೂದಲೆಳೆಯಷ್ಟೂ ಕದಲಿರಲಿಲ್ಲ. ಮೇಲೆ ಗುಂಡಿಯಣ್ಣ ಬಟನ್ನಿನಿಂದ ಬೆರಳು ದೂರ ಇಟ್ಟುಕೊಂಡು ಕಾಯುತ್ತಿದ್ದ.

ಅಟ್ಟಣ್ಣ ಮೂಗು ಒರೆಸಿಕೊಂಡ. ಟಾರ್ಚನ್ನು ಸರಿಯಾಗಿ ಹಿಡಿದುಕೊಂಡ.

“ಕೆಳಗೆ, ಒಂದು ಅಡಿ” ಎಂದು ಕೂಗಿದ.

ಆಮೇಲೆ ಕ್ಯಾಬಿನ್ ಕೆಳಗೆ ಬಂತು. ಸರಿಯಾಗಿ ಒಂದು ಅಡಿ.